ಕಾಲುವೆಯ ದಂಡೆ ಹಿಡಿದು



ಕೊಳ್ಳೇಗಾಲದ ಕಡೆಯಿಂದ ಶಿವನಸಮುದ್ರಕ್ಕೆ ಹೋಗುವವರಲ್ಲಿ ಬಹುಮಂದಿ ಜಲಪಾತವನ್ನು ಕಂಡು, ಮರದ ನೆರಳಿನಲ್ಲಿ ಬುತ್ತಿಯನ್ನು ಬಿಚ್ಚಿ ಉಂಡು, ಸಂಜೆಗೆ ಹಿಂದಿರುಗುವರು. ನೀರು ಬೀಳುವುದನ್ನು ನೋಡಿದವರು ಅಸಂಖ್ಯಾತರು. ಆ ನೀರಿನಲ್ಲಿ ಒಂದು ಪಾಲನ್ನು ಬೀಳಗೊಡದೆ ಬೇರೆ ದಾರಿಯಲ್ಲಿ ಕರೆದೊಯ್ಯುವ ಕಾಲುವೆಯನ್ನು ಕಂಡವರು ವಿರಳ. ಈ ದಿನ ಆ ದಾರಿಯಲ್ಲಿ ತಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗಬೇಕೆಂದಿದ್ದೇನೆ.

ಇಂಗ್ಲೆಂಡಿನಲ್ಲಿ ಹೀಗೆ ಕಾಲುವೆಯ ದಂಡೆಯ ಮೇಲೆ ನಡೆಯುವುದೇ ಒಂದು ವಿನೋದ. 1761ರಲ್ಲಿ ಬ್ರಿಂಡ್ಲಿ ಎಂಬ ಯಂತ್ರಕುಶಲನು ಮ್ಯಾಂಚೆಸ್ಟರಿಗೆ ಕಲ್ಲಿದ್ದಲನ್ನು ತರಲು ನಿರ್ಮಿಸಿದ ಕಾಲುವೆಯನ್ನು ನೋಡಿ, ಆ ದೇಶದವರು ಊರೂರಿಗೂ ಕಾಲುವೆಗಳನ್ನು ತೋಡಿದರು. ಕುದುರೆಯು ದಂಡೆಯ ಮೇಲೆ ನಡೆಯುತ್ತ ಹಗ್ಗದಿಂದ ದೋಣಿಯನ್ನು ಎಳೆಯುತ್ತಿದ್ದಿತು. ಗುಡ್ಡ ಅಡ್ಡ ಬಂದರೆ ಸುರಂಗ. ಸ್ಟ್ಯಾಂಡೆಡ್ಜ್ ಎಂಬಲ್ಲಿ 1811ರಲ್ಲಿ ತೆರೆದ ಸುರಂಗವು ಮೂರು ಮೈಲಿಗೂ ಉದ್ದ. ಒಳಗೆ ಕುದುರೆಗೆ ದಾರಿಯಿಲ್ಲದುದರಿಂದ ದೋಣಿಯವರು ಅಂಗಾತನೆ ಮಲಗಿ, ಕಾಲುಗಳಿಂದ ಗೋಡೆಯನ್ನು ಒದ್ದು ಒದ್ದು ದೋಣಿಯನ್ನು ಸಾಗಿಸುತ್ತಿದ್ದರಂತೆ! ಏರು ಬಂದರೆ ‘ಲಾಕ್’ ಎಂಬ ಜೋಡಿ ಬಾಗಿಲಿನ ತೊಟ್ಟಿ. ದೋಣಿಯನ್ನು ಒಳಗೆ ಬಿಟ್ಟು, ಬಾಗಿಲನ್ನು ಮುಚ್ಚಿ, ನೀರನ್ನು ತುಂಬಿದರೆ ದೋಣಿಯು ತಾನಾಗಿ ಮೇಲೇಳುವುದು. ಡಿವೈಜಸ್ ಪಟ್ಟಣದ ಬಳಿ 237 ಅಡಿಗಳ ಏರನ್ನು ಇಂತಹ 29 ಮೆಟ್ಟಿಲುಗಳಲ್ಲಿ ಹತ್ತಿಸಿರುವರು.

ನಮ್ಮ ಕಾಲುವೆಗಳು ದೋಣಿಗಾಗಿ ಹುಟ್ಟಿದುವಲ್ಲ. ಯಳಂದೂರಿನ ಸೀಮೆಯಲ್ಲಿ ಸುವರ್ಣಾವತಿಯಿಂದ ಹೊರಟ ನಾಲೆಗಳು ಗದ್ದೆಗೆ ನೀರುಣಿಸುವುವು. ಸುರಂಗ ನಮ್ಮಲ್ಲಿಯೂ ಉಂಟು. ವಿಶ್ವೇಶ್ವರಯ್ಯ ನಾಲೆಯು ಹುಲಿಕೆರೆಯ ಬಳಿ ನೆಲದೊಳಗೆ ಹೊಕ್ಕು ಸುಮಾರು ಒಂದೂ ಮುಕ್ಕಾಲು ಮೈಲಿ ಹರಿದು ಹೊರಬರುವುದು. ಆದರೆ ಲಾಕ್ ನಮಗೆ ಬೇಕಾಗಲಿಲ್ಲ. ಏಕೆಂಬುದಕ್ಕೆ ಉತ್ತರವು ಶಿವನಸಮುದ್ರದಲ್ಲಿದೆ.

ಮೊದಲು ಸೇತುವೆ. ಸತ್ತೇಗಾಲವನ್ನು ದಾಟಿದರೆ ಕಾವೇರಿಯ ಪೂರ್ವದ ಕವಲು ಅಡ್ಡವಾಗುವುದು. ನದಿಯು ಇಲ್ಲಿ ಎರಡಾಗಿ ಒಡೆದು ದ್ವೀಪವನ್ನು ಬಳಸಿ, ಒಂದು ಕವಲು ಭರಚುಕ್ಕಿಯಾಗಿಯೂ ಇನ್ನೊಂದು ಗಗನಚುಕ್ಕಿಯಾಗಿಯೂ ಧುಮುಕುವುದು. 19ನೆಯ ಶತಮಾನದ ಮೊದಲ ಭಾಗದಲ್ಲಿ ರಾಮಸ್ವಾಮಿ ಮೊದಲಿಯಾರರು ಎರಡು ಕವಲುಗಳಿಗೂ ಸೇತುವೆಗಳನ್ನು ಕಟ್ಟಿಸಿ, ಪಾಳುಬಿದ್ದಿದ್ದ ದ್ವೀಪಕ್ಕೆ ದಾರಿಮಾಡಿದರು. ಈ ಸೇತುವೆಗಳಲ್ಲಿ ಕಮಾನಿನ ಬೆಡಗಿಲ್ಲ. ಹೊಳೆಯ ಬಂಡೆಯ ಮೇಲೆ ಕಲ್ಲಿನ ಕಂಬ, ಕಂಬದ ಮೇಲೆ ಕಲ್ಲಿನ ತೊಲೆ. ದೇವಸ್ಥಾನದ ಮಂಟಪವನ್ನೇ ಎಳೆದು ಉದ್ದಮಾಡಿದಂತಿದೆ. ಜನರು ವೆಸ್ಲಿ ಸೇತುವೆಯೆಂದು ಕರೆಯುವ ಸತ್ತೇಗಾಲದ ಕಡೆಯ ಸೇತುವೆಯ ಒಂದು ಭಾಗವು 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಸುಮಾರು ಇನ್ನೂರು ವರ್ಷ ನಿಂತುದನ್ನು ನಾವು ಕಣ್ಣೆದುರಿಗೇ ಕಳೆದುಕೊಂಡೆವು. ಹೊಸ ಸೇತುವೆ ಇದೆಯಾದ್ದರಿಂದ ಪ್ರಯಾಣಕ್ಕೆ ತೊಂದರೆಯಿಲ್ಲವೆಂದು ಸಮಾಧಾನ ಹೇಳುವವರುಂಟು. ನನಗೆ ಆ ಸಮಾಧಾನ ರುಚಿಸದು.

ದ್ವೀಪವನ್ನು ದಾಟಿ ಪಶ್ಚಿಮದ ದಡಕ್ಕೆ ಹೋದರೆ ನಾವು ಅರಸಿ ಬಂದ ಕಾಲುವೆ. ಜಲಪಾತದ ಮೇಲುಗಡೆ ನದಿಯಿಂದ ಕವಲೊಡೆದು, ಅದು ನೆಲದ ಮಟ್ಟವನ್ನು ಬಿಡದೆ, ಯಾವ ಆತುರವೂ ಇಲ್ಲದೆ ಹರಿಯುವುದು. ಪಕ್ಕದಲ್ಲಿ ನದಿಯು ಬಂಡೆಯಿಂದ ಬಂಡೆಗೆ ಇಳಿದಿಳಿದು ಪಾತಾಳವನ್ನು ಮುಟ್ಟುತ್ತಿದ್ದರೆ, ಕಾಲುವೆಯು ಮಾತ್ರ ತನ್ನ ಎತ್ತರವನ್ನು ಜಿಪುಣನ ಗಂಟಿನಂತೆ ಕಾಪಾಡಿಕೊಳ್ಳುವುದು. ಕೊನೆಗೆ ಗುಡ್ಡದ ಅಂಚಿನ ತೊಟ್ಟಿಯನ್ನು ಸೇರಿ, ಅಲ್ಲಿಂದ ಉಕ್ಕಿನ ಕೊಳವೆಗಳಲ್ಲಿ ಸುಮಾರು 400 ಅಡಿಗಳನ್ನು ಒಮ್ಮೆಗೇ ಇಳಿಯುವುದು. ಇಂಗ್ಲೆಂಡಿನವನು ಎತ್ತರವನ್ನು ಮೆಟ್ಟಿಲುಮೆಟ್ಟಿಲಾಗಿ ಪಳಗಿಸಿದನು. ಇಲ್ಲಿಯವರು ಅದನ್ನು ಕೂಡಿಟ್ಟು ಒಂದೇ ಪೆಟ್ಟಿನಲ್ಲಿ ವ್ಯಯಮಾಡಿ, ಆ ಪೆಟ್ಟಿನಿಂದ ಯಂತ್ರವನ್ನು ತಿರುಗಿಸಿದರು.

ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಡಿ ಲಾಟ್ಬಿನಿಯರ್ ಎಂಬ ಎಂಜಿನಿಯರರು ಈ ಕೆಲಸವನ್ನು ಕೈಗೊಂಡರು. 1902ರ ಜೂನಿನಲ್ಲಿ ವಿದ್ಯುತ್ತು ಹರಿದಾಗ ಅದನ್ನು ನೋಡಲು ದಿವಾನರು ಇರಲಿಲ್ಲ, 1901ರಲ್ಲಿಯೇ ತೀರಿಕೊಂಡಿದ್ದರು. ಆ ವಿದ್ಯುತ್ತು ಸುತ್ತಲಿನ ಹಳ್ಳಿಗಳ ಕತ್ತಲೆಯನ್ನು ಕಳೆಯಲಿಲ್ಲ. 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ದೀಪಗಳಾಯಿತು. ಕೊಳ್ಳೇಗಾಲವಾದರೋ ಆಗ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ ಊರು. 1956ರವರೆಗೂ ಹೊಳೆಯ ಆಚೆ ಒಂದು ರಾಜ್ಯ, ಈಚೆ ಇನ್ನೊಂದು.

ಬೇಸಗೆಯಲ್ಲಿ ನದಿ ಸೊರಗಿದಾಗ ಯಂತ್ರಕ್ಕೆ ನೀರು ಸಾಲದೆ ಹೋಗುತ್ತಿತ್ತು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯನ್ನು ಆರಂಭಿಸಿದುದಕ್ಕೆ ಈ ಕೊರತೆಯೂ ಒಂದು ಮುಖ್ಯ ಕಾರಣ. ಕಾಲುವೆಯ ಪಾಲನ್ನು ಮೊದಲು ಕೊಟ್ಟಮೇಲೆ ಉಳಿದುದು ಗಗನಚುಕ್ಕಿಗೆ. ಬೇಸಗೆಯಲ್ಲಿ ಬಂದ ಯಾತ್ರಿಕನು ಒಣಬಂಡೆಯನ್ನು ಕಂಡು ನಿಟ್ಟುಸಿರುಬಿಡುವನು. ಅವನ ಮನೆಯ ದೀಪದ ಬೆಲೆಯಲ್ಲಿ ಈ ನಿಟ್ಟುಸಿರೂ ಸೇರಿದೆಯೆಂದು ಹೇಳಿದರೆ ಅವನು ಒಪ್ಪುವನೋ ಇಲ್ಲವೋ!

ಹೋಗುವವರು ಮಳೆಗಾಲ ಮುಗಿಯುತ್ತಿರುವಾಗ ಹೋಗಬೇಕು. ವಿದ್ಯುದಾಗಾರದ ಬಳಿಗೆ ಇಳಿಯುವುದಕ್ಕೆ ಅನುಮತಿಯನ್ನು ಮೊದಲೇ ಕೇಳುವುದು ಲೇಸು. ಮುರಿದ ಸೇತುವೆಯನ್ನು ದೂರದಿಂದಲೇ ನೋಡಿರಿ. ಹೊಳೆ ಇಳಿದ ದಿನ, ಉಳಿದ ಕಂಬಗಳು ಬಂಡೆಯ ಮೇಲೆ ಹೇಗೆ ಕಾಲೂರಿ ನಿಂತಿವೆಯೆಂಬುದು ಸ್ಪಷ್ಟವಾಗಿ ಕಾಣುವುದು.