ಗೆದ್ದ ತಂಡ ಮುಳುಗಿತು, ಸೋತ ತಂಡ ಉಳಿಯಿತು

ಆಟ ಮತ್ತು ಸಾಲದ ಬಗ್ಗೆ ಮಾತಾಡಲು ನಾನು ಬಹಳ ದೂರ ಹೋಗುವುದಿಲ್ಲ. ಹೈದರಾಬಾದಿನಿಂದಲೇ ಶುರು ಮಾಡುತ್ತೇನೆ. 1956ರವರೆಗೆ ನಾವೂ ಆ ರಾಜ್ಯದವರೇ; ಇವತ್ತಿಗೂ ರಾಯಚೂರಿಗೆ ಬೆಂಗಳೂರಿಗಿಂತ ಅದೇ ಹತ್ತಿರ.

2009ರ ಮೇ 24, ಜೊಹಾನ್ಸ್‌ಬರ್ಗ್‌ನಲ್ಲಿ ಐಪಿಎಲ್ ಫೈನಲ್. ಮೊದಲ ಓವರಿನಲ್ಲೇ ನಮ್ಮ ಅನಿಲ್ ಕುಂಬ್ಳೆ ಎದುರಾಳಿ ನಾಯಕ ಗಿಲ್‌ಕ್ರಿಸ್ಟ್‌ರನ್ನು ಸೊನ್ನೆಗೆ ಬೌಲ್ಡ್ ಮಾಡಿದರು. 16 ರನ್ ಕೊಟ್ಟು 4 ವಿಕೆಟ್ ಕಿತ್ತರು. ಆದರೂ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ 143 ಮಾಡಿತು, ಬೆಂಗಳೂರಿನ ಆರ್‌ಸಿಬಿ 137ಕ್ಕೆ ನಿಂತಿತು. ಆರು ರನ್ನಿನ ಸೋಲು.

ಮೂರೇ ವರ್ಷ. 2012ರಲ್ಲಿ ಎರಡೂ ತಂಡಗಳ ಯಜಮಾನರು ಸಾಲದ ಸುಳಿಯಲ್ಲಿದ್ದರು. ಚಾರ್ಜರ್ಸ್‌ನ ಒಡೆಯ ಡೆಕ್ಕನ್ ಕ್ರಾನಿಕಲ್ ಪತ್ರಿಕಾ ಸಂಸ್ಥೆಗೆ ಸಾಲ ಕೊಟ್ಟವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ನಮ್ಮ ಕೆನರಾ ಬ್ಯಾಂಕೂ ಇತ್ತು. ಆಟಗಾರರ ಹಣ ಬಾಕಿ ಬಿತ್ತು. ತಂಡವನ್ನು ಹರಾಜಿಗಿಟ್ಟರು, 900 ಕೋಟಿ ರೂಪಾಯಿಯ ಒಂದೇ ಬಿಡ್ ಬಂತು, ಅದನ್ನೂ ಒಪ್ಪಲಿಲ್ಲ. ಮರುದಿನವೇ, ಸೆಪ್ಟೆಂಬರ್ 14ರಂದು, ಬಿಸಿಸಿಐ ಒಪ್ಪಂದ ರದ್ದು ಮಾಡಿತು. ಸಂಸ್ಥೆ ಕೋರ್ಟಿಗೆ ಹೋಯಿತು, ಆದರೆ ಕೋರ್ಟು ಕೇಳಿದ 100 ಕೋಟಿಯ ಬ್ಯಾಂಕ್ ಗ್ಯಾರಂಟಿ ಹೊಂದಿಸಲು ಆಗಲಿಲ್ಲ. ಚಾಂಪಿಯನ್ ಆಗಿದ್ದ ತಂಡ ಅಲ್ಲಿಗೆ ಮುಗಿಯಿತು. ವ್ಯಾಜ್ಯ ಮಾತ್ರ ಮುಗಿಯಲಿಲ್ಲ: 2020ರಲ್ಲಿ ಮಧ್ಯಸ್ಥಗಾರರು ಬಿಸಿಸಿಐ 4,800 ಕೋಟಿಗೂ ಮಿಕ್ಕಿ ಕೊಡಬೇಕೆಂದರು, ಮರುವರ್ಷ ಬಾಂಬೆ ಹೈಕೋರ್ಟ್ ಅದನ್ನು ತಳ್ಳಿಹಾಕಿತು.

ಅದೇ 2012ರ ಅಕ್ಟೋಬರಿನಲ್ಲಿ ಆರ್‌ಸಿಬಿಯ ಯಜಮಾನ ವಿಜಯ್ ಮಲ್ಯರ ಕಿಂಗ್‌ಫಿಷರ್ ವಿಮಾನಗಳು ನೆಲಕ್ಕಿಳಿದವು. ಪೈಲಟ್‌ಗಳಿಗೆ, ಎಂಜಿನಿಯರ್‌ಗಳಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. ಆದರೆ ಆರ್‌ಸಿಬಿಗೆ ಏನೂ ಆಗಲಿಲ್ಲ. ಯಾಕೆ? ತಂಡ ವಿಮಾನ ಕಂಪನಿಯ ಲೆಕ್ಕದಲ್ಲಿರಲಿಲ್ಲ. ಅದು ಯುನೈಟೆಡ್ ಸ್ಪಿರಿಟ್ಸ್ ಎಂಬ ಮದ್ಯದ ಕಂಪನಿಯ ಕೈಯಲ್ಲಿತ್ತು. ಆ ಕಂಪನಿಯ ಹಿಡಿತ ಬ್ರಿಟನ್ನಿನ ಮದ್ಯ ಕಂಪನಿ ಡಿಯಾಜಿಯೊಗೆ ಹೋದಾಗ ತಂಡವೂ ಹೋಯಿತು. ರಾಯಚೂರಿನ ರಾಜೇಂದ್ರ ಗಂಜ್ ಮಾರುಕಟ್ಟೆಗೆ ಹತ್ತಿ ಹಾಕುವ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮಾಲು ಎಷ್ಟೇ ಚೆನ್ನಾಗಿರಲಿ, ದಲಾಲಿ ಅಂಗಡಿ ದಿವಾಳಿಯಾದರೆ ದುಡ್ಡು ಸಿಕ್ಕಿಬೀಳುತ್ತದೆ. ತಂಡ ಉಳಿದದ್ದು ಆಟದಿಂದಲ್ಲ, ಖಾತೆಯಿಂದ. 2025ರ ಜೂನ್ 3ರಂದು ಆರ್‌ಸಿಬಿ ಕಪ್ ಗೆದ್ದಿತು, ಅದೂ ಆರು ರನ್ನಿನಿಂದ! ಆ ಪೈಲಟ್‌ಗಳ ಬಾಕಿಯ ನೆನಪು ಆ ಸಂಭ್ರಮದಲ್ಲಿ ಯಾರಿಗಿತ್ತು?

ಮಲ್ಯರ ಫಾರ್ಮುಲಾ ಒನ್ ತಂಡ ಫೋರ್ಸ್ ಇಂಡಿಯಾ 2018ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಆಡಳಿತಾಧಿಕಾರಿಗಳ ವಶವಾಯಿತು. ಕೋರ್ಟಿಗೆ ಹೋದವರಲ್ಲಿ ಅದರ ಚಾಲಕ ಪೆರೆಜ್ ಅವರೇ ಇದ್ದರು, ಅವರಿಗೂ ಬಾಕಿ ಬರಬೇಕಿತ್ತು. ಹೊಸ ಮಾಲೀಕರು ಬಂದು 405 ಜನರ ಕೆಲಸ ಉಳಿಯಿತು.

ಇಂಗ್ಲೆಂಡಿನದೇ ರಗ್ಬಿ ಲೀಗ್ ಕತೆ ನನಗೆ ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಆಡಲು ಹೋದ ದಿನ ಕೂಲಿ ತಪ್ಪುತ್ತದೆ, ಅದನ್ನು ತುಂಬಿಕೊಡಿ ಎಂದು ಗಣಿ ಮತ್ತು ಗಿರಣಿ ಕಾರ್ಮಿಕರ ಪರವಾಗಿ 1895ರಲ್ಲಿ ಉತ್ತರದ ಕ್ಲಬ್ಬುಗಳು ಸಿಡಿದು ಕಟ್ಟಿದ ಆಟ ಅದು. ನಮ್ಮ ಹಟ್ಟಿ ಗಣಿಯವರಿಗೆ ಆ ನ್ಯಾಯ ತಕ್ಷಣ ಹೊಳೆದೀತು. ಅದೇ ಆಟದಲ್ಲಿ ನಾಲ್ಕು ಸಲ ಸೂಪರ್ ಲೀಗ್ ಗೆದ್ದ ಬ್ರಾಡ್‌ಫರ್ಡ್ ಬುಲ್ಸ್ ಕ್ಲಬ್ಬಿನ ಕಂಪನಿ 2017ರ ಜನವರಿಯಲ್ಲಿ ಬಾಗಿಲು ಹಾಕಿತು.

ನಮ್ಮ ಪಕ್ಕಕ್ಕೇ ಬನ್ನಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯು ಸಮೂಹದ ತಂಡ ಬೆಂಗಳೂರು ಎಫ್‌ಸಿ. 2025ರ ಆಗಸ್ಟಿನಲ್ಲಿ, ಫುಟ್ಬಾಲ್ ಲೀಗ್ ನಡೆಯುವುದೇ ಖಾತ್ರಿಯಿಲ್ಲದಾಗ, ಅದು ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಇಲ್ಲಿ ಮಾಲೀಕರು ದಿವಾಳಿಯಾಗಿರಲಿಲ್ಲ. ಆದರೂ ಮೊದಲು ಕತ್ತರಿ ಬಿದ್ದದ್ದು ಸಂಬಳಕ್ಕೆ.

ನಾಳೆ ರಾಯಚೂರಿನ ಹೆಸರಲ್ಲಿ ತಂಡ ಕಟ್ಟುತ್ತೇವೆಂದು ಯಾರಾದರೂ ಬಂದರೆ, ಹಾರ ಹಾಕುವ ಮೊದಲು ಒಂದು ಮಾತು ಕೇಳಿ: ಇಡೀ ಸೀಸನ್ನಿನ ಸಂಬಳವನ್ನು, ಮೈದಾನಕ್ಕೆ ನೀರು ಬಿಡುವವನ ಕೂಲಿಯನ್ನೂ ಸೇರಿಸಿ, ಮುಂಗಡವಾಗಿ ಬೇರೆ ಖಾತೆಯಲ್ಲಿ ಇಟ್ಟಿದ್ದೀರಾ?