ನಕ್ಷೆ ಬರೆಯುವ ಮುನ್ನ ನೆಲವನ್ನು ಓದಿ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಮಕ್ಕಳು ಮುಂದೆ ಏನಾಗಬೇಕೆಂದು ಕೇಳಿದರೆ ನಮ್ಮಲ್ಲಿ ಡಾಕ್ಟರು, ಇಂಜಿನಿಯರು ಎಂಬ ಎರಡೇ ಉತ್ತರಗಳು ಬರುತ್ತವೆ. ಆರ್ಕಿಟೆಕ್ಟ್, ಅಂದರೆ ವಾಸ್ತುಶಿಲ್ಪಿ, ಎಂದರೆ "ಮನೆ ಕಟ್ಟುವ ಮೇಸ್ತ್ರಿಯೇ?" ಎಂದು ಕೇಳುವವರಿದ್ದಾರೆ. ಆದರೆ ಈ ವಿದ್ಯೆ ನಮಗೆ ಹೊರಗಿನದಲ್ಲ. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನನಗೆ ಇದು ದಿನವೂ ನೆನಪಾಗುತ್ತದೆ. ನಕ್ಷೆ, ಬುನಾದಿ, ಇಮಾರತು, ಮಹಲು, ದರ್ವಾಜ ಇವೆಲ್ಲ ಉರ್ದುವಿನ ಬಂಧುಗಳಾಗಿ ಕನ್ನಡಕ್ಕೆ ಬಂದು ಇಲ್ಲಿಯವೇ ಆಗಿಹೋದ ಮಾತುಗಳು. ಉರ್ದುವಿನಲ್ಲಿ 'ತಾಮೀರ್' ಎಂದರೆ ಕಟ್ಟಡ ಕಟ್ಟುವುದು. ಸಮಾಜ ಕಟ್ಟುವುದಕ್ಕೂ ಅದೇ ಮಾತು.

ಪಾಲಕರ ತಿಳುವಳಿಕೆಗಾಗಿ ಎರಡು ಮಾತು. ಬಿ.ಆರ್ಕ್. ಐದು ವರ್ಷಗಳ, ಅಂದರೆ ಹತ್ತು ಸೆಮಿಸ್ಟರುಗಳ ಪದವಿ. ಪಿಯುಸಿಯಲ್ಲಿ ಗಣಿತ ಓದಿರಬೇಕು. 2006ರಿಂದ ನಡೆಯುತ್ತಿರುವ 'ನಾಟಾ' ಎಂಬ ಅರ್ಹತಾ ಪರೀಕ್ಷೆ ಈ ಕೋರ್ಸಿಗೆ ದಾರಿ. ಪದವಿ ಮುಗಿದ ಮೇಲೆ 1972ರ ವಾಸ್ತುಶಿಲ್ಪಿಗಳ ಕಾಯ್ದೆಯಂತೆ ಹೆಸರು ನೋಂದಾಯಿಸಿಕೊಂಡವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಕೊನೆಯ ವರ್ಷದಲ್ಲಿ ಪ್ರತಿಯೊಬ್ಬರೂ 'ಥೀಸಿಸ್ ಪ್ರಾಜೆಕ್ಟ್' ಮಾಡಬೇಕು. ತಾವೇ ಒಂದು ವಿಷಯ, ಒಂದು ಜಾಗ ಆರಿಸಿ, ಒಂದು ಕಟ್ಟಡವನ್ನು ಮೊದಲಿನಿಂದ ಕೊನೆಯವರೆಗೆ ಯೋಚಿಸಿ ನಕ್ಷೆ ಬರೆದು ಪರೀಕ್ಷಕರ ಮುಂದೆ ಸಮರ್ಥಿಸಬೇಕು.

ನಮ್ಮ ಭಾಗದಿಂದ ಹೋಗಿ ಈ ಕೋರ್ಸ್ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಇದೇ ವಿಷಯವಾಗಿ ನನ್ನನ್ನು ಕೇಳಿದಳು. "ಸರ್, ನನ್ನ ಸಹಪಾಠಿಗಳು ವಿಮಾನ ನಿಲ್ದಾಣ, ಐಟಿ ಪಾರ್ಕು, ದೊಡ್ಡ ದೊಡ್ಡ ಮ್ಯೂಸಿಯಂ ಆರಿಸಿಕೊಂಡಿದ್ದಾರೆ. ನನಗೆ ನಮ್ಮ ದಢೇಸುಗೂರಿನಲ್ಲಿ ಏನಾದರೂ ಮಾಡಬೇಕೆಂಬ ಆಸೆ. ಆದರೆ ಅಲ್ಲಿ ಏನಿದೆ?"

ನಾನು ವಾಸ್ತುಶಿಲ್ಪ ಕಲಿತವನಲ್ಲ. ಆದರೆ ಪ್ರಬಂಧ ಬರೆಸುವ ಮೇಷ್ಟರಿಗೆ ಈ ಪ್ರಶ್ನೆ ಹೊಸದಲ್ಲ. "ನಮ್ಮೂರು" ಎಂದು ಬರೆಯಲು ಹೇಳಿದರೆ ಮಕ್ಕಳು ಗೈಡಿನಲ್ಲಿರುವ ಊರನ್ನು ಬರೆಯುತ್ತಾರೆ. ಕಿಟಕಿಯ ಹೊರಗಿರುವ ಊರನ್ನು ಬರೆಯುವುದಿಲ್ಲ. ಪ್ರಿಯ ವಿದ್ಯಾರ್ಥಿಗಳೇ, ನೀವು ಕಥೆ ಬರೆಯಲಿ, ಕಟ್ಟಡ ಬರೆಯಲಿ, ವಿಚಾರ ಆಕಾಶದಿಂದ ಇಳಿದು ಬರುವುದಿಲ್ಲ. ಒಂದು ನೆಲವನ್ನು ಸರಿಯಾಗಿ ಪ್ರಶ್ನಿಸಿದವರಿಗೆ ಅದು ಸಿಗುತ್ತದೆ. ಈ ದಿನ ನಾನು ಹೇಳಬೇಕೆಂದಿರುವುದು ಇಷ್ಟೇ.

ಹಾಗಾದರೆ ದಢೇಸುಗೂರಿನಲ್ಲಿ ಏನಿದೆ? ತುಂಗಭದ್ರಾ ನದಿ ಇದೆ. ಆಚೆ ದಡದ ಸಿರುಗುಪ್ಪ ಸೀಮೆಗೆ ದಾಟಿಸುವ ಸೇತುವೆ ಇದೆ. ಕೃಷಿ ಸಂಶೋಧನಾ ಕೇಂದ್ರ ಇದೆ. ಎಡದಂಡೆ ಕಾಲುವೆಯಿಂದ ಬೆಳೆದ ಸಿಂಧನೂರು ಸೀಮೆಯ ಭತ್ತದ ಗದ್ದೆಗಳಿವೆ. ಎರೆಭೂಮಿ ಇದೆ; ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಬುನಾದಿ ಸರಿಯಿಲ್ಲದ ಗೋಡೆಯನ್ನು ಸೀಳಿಹಾಕುತ್ತದೆ. ನಲವತ್ತು ಡಿಗ್ರಿ ದಾಟುವ ಬಿಸಿಲಿದೆ. ಇವೆಲ್ಲ ಅಡ್ಡಿಗಳಂತೆ ಕಾಣುತ್ತವೆ. ವಿನ್ಯಾಸಕ್ಕೆ ಇವೇ ಬಂಡವಾಳ.

ನದಿಯನ್ನೇ ತೆಗೆದುಕೊಳ್ಳಿ. ಚಿತ್ರದಲ್ಲಿ ಅದು ಸುಂದರ. ಆದರೆ 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ನಮ್ಮ ಜಿಲ್ಲೆಯೂ ಸೇರಿ ಉತ್ತರ ಕರ್ನಾಟಕ ನೀರಿನಲ್ಲಿ ನಿಂತದ್ದನ್ನು ನಾವು ಮರೆತಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ಒಂದು ಕಡೆ ನೆರೆಯ ಭಯ, ಇನ್ನೊಂದು ಕಡೆ ಬೆಳೆಗೆ ನೀರು ಉಳಿಯುವುದೇ ಎಂಬ ಭಯ. ನದಿದಡದಲ್ಲಿ ಕಟ್ಟುವವರು ಮೊದಲು ಊರಿನ ಹಿರಿಯರ ಬಳಿ ಹೋಗಿ "ನೀರು ಎಲ್ಲಿಯವರೆಗೆ ಬಂದಿತ್ತು?" ಎಂದು ಕೇಳಬೇಕು. ಆ ಗುರುತಿನಿಂದಲೇ ನಿಮ್ಮ ಕಟ್ಟಡದ ಜಗಲಿಯ ಎತ್ತರ ತೀರ್ಮಾನವಾಗುತ್ತದೆ.

ಅಡ್ಡಿಯೇ ವಿಚಾರವಾಗುವುದು ಹೇಗೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಬಾಂಗ್ಲಾದೇಶದ ಢಾಕಾದಲ್ಲಿ 2012ರಲ್ಲಿ 'ಬೈತುರ್ರೌಫ್' ಎಂಬ ಮಸೀದಿ ಪೂರ್ಣಗೊಂಡಿತು. ಅದನ್ನು ರೂಪಿಸಿದವರು ಮರೀನಾ ತಬಸ್ಸುಮ್ ಎಂಬ ಮಹಿಳೆ. ಜಾಗ ಕೊಟ್ಟವರು ಅವರ ಅಜ್ಜಿ. ಜಾಗದ ದಿಕ್ಕು ಒಂದು, ಕಿಬ್ಲಾದ ದಿಕ್ಕು ಇನ್ನೊಂದು. ನಡುವೆ 13 ಡಿಗ್ರಿ ಅಂತರ. ಅವರು ಚೌಕದೊಳಗೆ ಒಂದು ವರ್ತುಲವನ್ನಿಟ್ಟು, ಅದರೊಳಗೆ ನಮಾಜಿನ ಚೌಕವನ್ನು ಕಿಬ್ಲಾದ ಕಡೆಗೆ ತಿರುಗಿಸಿದರು. ಮೂಲೆಗಳಲ್ಲಿ ಉಳಿದ ಜಾಗ ಗಾಳಿ ಬೆಳಕಿಗೆ ದಾರಿಯಾಯಿತು. ನೆರೆಯಿಂದ ಕಾಪಾಡಲು ಎತ್ತರದ ಜಗಲಿ, ಗೋಡೆಗೆ ಇಟ್ಟಿಗೆ, ಗುಮ್ಮಟವಿಲ್ಲ, ಮಿನಾರವಿಲ್ಲ. 2016ರಲ್ಲಿ ಅದಕ್ಕೆ ಆಗಾ ಖಾನ್ ಪ್ರಶಸ್ತಿ ಬಂತು. ನದಿಯ ಮರಳುದಿಬ್ಬಗಳಲ್ಲಿ ಬದುಕುವ ಬಡವರಿಗಾಗಿ ಅವರು ರೂಪಿಸಿದ, ಬಿದಿರಿನ ಕಾಲುಗಳ ಮೇಲೆ ನಿಲ್ಲುವ, ಬಿಚ್ಚಿ ಬೇರೆಡೆಗೆ ಒಯ್ಯಬಹುದಾದ ಪುಟ್ಟ ಮನೆಗೆ 2025ರಲ್ಲಿ ಅದೇ ಪ್ರಶಸ್ತಿ ಮತ್ತೆ ಸಂದಿತು. ಹೆಣ್ಣುಮಕ್ಕಳೇ, ಈ ಹೆಸರನ್ನು ನೆನಪಿಡಿ.

ಇನ್ನು ಹಳೆಯ ಕಟ್ಟಡಗಳಿಂದ ಕಲಿಯುವ ಮಾತು. ನಮ್ಮ ಸುತ್ತಲೇ ಎಂತಹ ಪಾಠಶಾಲೆಗಳಿವೆ! ಆದರೆ ಆಕಾರವನ್ನು ನಕಲು ಮಾಡಬೇಡಿ, ಪ್ರಶ್ನೆಯನ್ನು ಹುಡುಕಿ. ವಿಜಯಪುರದ ಗೋಲಗುಮ್ಮಟದ ಗುಮ್ಮಟವನ್ನು ಎಲ್ಲರೂ ನೋಡುತ್ತಾರೆ. ಚೌಕ ಗೋಡೆಗಳ ಮೇಲೆ ದುಂಡು ಗುಮ್ಮಟ ಹೇಗೆ ಕೂರುತ್ತದೆ ಎಂದು ಕೇಳುವವರು ಕಡಿಮೆ. ಒಂದನ್ನೊಂದು ಹಾದುಹೋಗುವ ಕಮಾನುಗಳು ಆ ಭಾರ ಹೊರುವ ಜಾಣ್ಮೆ ಅಲ್ಲಿದೆ. 1367ರ ಕಲಬುರಗಿಯ ಜಾಮಿಯಾ ಮಸೀದಿಯಲ್ಲಿ ತೆರೆದ ಅಂಗಳವನ್ನೇ ಬಿಟ್ಟು ಪೂರ್ತಿ ಸೂರು ಹಾಕಿದ್ದಾರೆ. ಏಕಿರಬಹುದು? ಆ ಬಿಸಿಲಿನಲ್ಲಿ ನಿಂತು ಯೋಚಿಸಿ. ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನರು 1472ರಲ್ಲಿ ಕಟ್ಟಿಸಿದ ಮದರಸಾ ಮೂರು ಅಂತಸ್ತಿನದು. ನಡುವೆ ಅಂಗಳ, ಸುತ್ತ ಪಾಠದ ಕೋಣೆಗಳು, ಗ್ರಂಥಾಲಯ, ಮಸೀದಿ, ಗುರು ಶಿಷ್ಯರ ವಸತಿ. ದೂರದಿಂದ ಬಂದವನು ಎಲ್ಲಿ ಮಲಗುತ್ತಾನೆ, ಎಲ್ಲಿ ಓದುತ್ತಾನೆ ಎಂಬುದನ್ನು ಐದೂವರೆ ಶತಮಾನದ ಹಿಂದೆಯೇ ಒಂದೇ ನಕ್ಷೆಯಲ್ಲಿ ಯೋಚಿಸಿದ್ದರು.

ಅದಕ್ಕೂ ಹಿಂದೆ ಹೋಗಿ. ಮದೀನಾದಲ್ಲಿ ನಮ್ಮ ಪ್ರವಾದಿಯವರ (ಸ) ಮಸೀದಿ ಹಸಿ ಇಟ್ಟಿಗೆಯದು, ಖರ್ಜೂರದ ಬೊಡ್ಡೆಗಳೇ ಕಂಬ, ಗರಿಗಳೇ ಸೂರು. ಮನೆಮಠವಿಲ್ಲದ ಬಡ ಸಹಾಬಿಗಳು ಅಲ್ಲಿಯ ನೆರಳಿನ 'ಸುಫ್ಫಾ'ದಲ್ಲಿ ಉಳಿದು ವಿದ್ಯೆ ಕಲಿತರು. ನೆರಳು ಮತ್ತು ವಿದ್ಯೆ ಒಟ್ಟಿಗೆ ಸಿಗಬೇಕೆಂಬುದು ನಮಗೆ ಅಲ್ಲಿಂದಲೇ ಬಂದ ಪಾಠ.

ಜನರನ್ನು ಕೇಳದೆ ಬರೆದ ನಕ್ಷೆ ಎಷ್ಟು ಚೆಂದವಿದ್ದರೂ ಸೋಲುತ್ತದೆ. ಈಜಿಪ್ಟಿನ ಹಸನ್ ಫತ್ಹಿ ಎಂಬ ಮಹಾನ್ ವಾಸ್ತುಶಿಲ್ಪಿ 1940ರ ದಶಕದಲ್ಲಿ ಬಡವರಿಗಾಗಿ ಮಣ್ಣಿನ ಇಟ್ಟಿಗೆಯಲ್ಲಿ ಹೊಸ ಗೂರ್ನಾ ಎಂಬ ಇಡೀ ಊರನ್ನೇ ಕಟ್ಟತೊಡಗಿದರು. ಜಗತ್ತು ಮೆಚ್ಚಿತು, ಆದರೆ ಹಳೆಯ ಊರಿನ ಬಹುಪಾಲು ಜನ ಅಲ್ಲಿಗೆ ಹೋಗಲು ಒಪ್ಪಲಿಲ್ಲ. ನಮ್ಮಲ್ಲೂ 2009ರ ನೆರೆಯ ನಂತರ 'ಆಸರೆ' ಯೋಜನೆಯಲ್ಲಿ ಮನೆಗಳಾದವು. ಒಳ್ಳೆಯ ಉದ್ದೇಶವೇ. ಆದರೂ ಉತ್ತರ ಕರ್ನಾಟಕದ ಹಲವು ಕಡೆ ಜನ ಹಿಂಜರಿದರು. ಎತ್ತು ಎಲ್ಲಿ ಕಟ್ಟುವುದು? ಕಾಳು ಕಡಿ ಎಲ್ಲಿ ಇಡುವುದು? ಹೊಲ ಎಷ್ಟು ದೂರ? ನಮ್ಮ ಹಳೆಯ ಮಾಳಿಗೆ ಮನೆಗಳಲ್ಲಿ ಪಡಸಾಲೆ, ಕೊಟ್ಟಿಗೆ, ಅಂಗಳ ಎಲ್ಲಕ್ಕೂ ಜಾಗವಿತ್ತು. ದಪ್ಪ ಗೋಡೆ ತಂಪನ್ನು ಹಿಡಿದಿಡುತ್ತಿತ್ತು, ಗವಾಕ್ಷಿ ಬೆಳಕು ಕೊಡುತ್ತಿತ್ತು. ಅದನ್ನು ಹಿಂದುಳಿದಿರುವಿಕೆ ಎಂದು ಭಾವಿಸಬೇಡಿ.

ಈಗ ನಮ್ಮ ವಿದ್ಯಾರ್ಥಿನಿಯ ವಿಷಯಕ್ಕೆ ಬರೋಣ. ನಾವಿಬ್ಬರೂ ಮಾತಾಡುತ್ತಾ ಹೋದಂತೆ ಆಕೆಯೇ ಒಂದು ಮಾತು ಹೇಳಿದಳು. ತನ್ನೊಂದಿಗೆ ಹತ್ತನೆಯ ತರಗತಿ ಪಾಸಾದ ಗೆಳತಿಯರಲ್ಲಿ ಕೆಲವರು ಮುಂದೆ ಓದಲಿಲ್ಲ. ಅಂಕ ಕಡಿಮೆ ಇದ್ದುದರಿಂದಲ್ಲ, "ಮಗಳನ್ನು ಎಲ್ಲಿ ಇಡುವುದು?" ಎಂಬ ತಂದೆತಾಯಿಗಳ ಪ್ರಶ್ನೆಗೆ ಉತ್ತರವಿರಲಿಲ್ಲ. ನಾನು ಹೇಳಿದೆ: "ಮಗೂ, ಇದು ವಾಸ್ತುಶಿಲ್ಪದ ಪ್ರಶ್ನೆಯೇ ಅಲ್ಲವೇ?" ಈಗ ಆಕೆ ದಢೇಸುಗೂರಿನಲ್ಲಿ ಹಳ್ಳಿಯ ಹೆಣ್ಣುಮಕ್ಕಳ ವಸತಿ ಮತ್ತು ವಾಚನಾಲಯದ ವಿಚಾರ ಬೆಳೆಸುತ್ತಿದ್ದಾಳೆ. ಬಾಗಿಲಲ್ಲೇ ಪಾಲಕರು ಕುಳಿತು ಮಗಳೊಡನೆ ಮಾತಾಡುವ ಪಡಸಾಲೆ ಇರಬೇಕು. ಅವರ ಭಯ ಅಲ್ಲಿಯೇ ಇಳಿಯಬೇಕು. ಒಳಗೆ ಹುಡುಗಿಯರು ಸಂಕೋಚವಿಲ್ಲದೆ ಓಡಾಡುವ ಅಂಗಳ ಬೇಕು. ಹಾಗೆಂದು ಅದು ಜೈಲಿನಂತಿರಬಾರದು. ನದಿಯ ಗಾಳಿ ಬರಬೇಕು. ಕಾವಲಿಗೂ ಗಾಳಿಗೂ ನಡೆಯುವ ಈ ಜಗ್ಗಾಟವನ್ನು ಬಿಡಿಸುವುದೇ ಆಕೆಯ ವಿನ್ಯಾಸದ ತಿರುಳು. ಕೆಲಸ ಇನ್ನೂ ಮುಗಿದಿಲ್ಲ. ಪರೀಕ್ಷಕರು ಎಷ್ಟು ಅಂಕ ಕೊಡುತ್ತಾರೋ ಗೊತ್ತಿಲ್ಲ.

ಈ ದಾರಿ ಹಿಡಿಯುವ ನಿಮಗೂ ಕೆಲವು ಕಿವಿಮಾತು. ಆರಿಸಿದ ಜಾಗಕ್ಕೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಹೋಗಿ ನೆರಳು ಎಲ್ಲಿ ಬೀಳುತ್ತದೆಂದು ಗುರುತಿಸಿ. ಕಂಪ್ಯೂಟರ್ ತೆರೆಯುವ ಮುನ್ನ ಅಲ್ಲಿಯ ಹತ್ತು ಜನರ ಮಾತು ಕೇಳಿ, ಅದರಲ್ಲಿ ಹೆಂಗಸರೂ ಇರಲಿ. ನಿಮ್ಮ ವಿಚಾರವನ್ನು ಅಜ್ಜಿಗೆ ಅರ್ಥವಾಗುವಂತೆ ಒಂದೇ ವಾಕ್ಯದಲ್ಲಿ ಬರೆಯಿರಿ. ಬರೆಯಲಾಗದಿದ್ದರೆ ವಿಚಾರ ಇನ್ನೂ ಹಣ್ಣಾಗಿಲ್ಲ. ಹತ್ತು ನಕ್ಷೆ ಬರೆದು ಒಂಬತ್ತನ್ನು ಬಿಡಲು ಸಿದ್ಧರಾಗಿ. ಉಸ್ಮಾನಿ ತುರ್ಕಿಯ ಮಹಾಶಿಲ್ಪಿ ಸಿನಾನ್ ತಮ್ಮ ಶಹಜಾದೆ ಮಸೀದಿಯನ್ನು ಶಿಷ್ಯನ ಕೆಲಸ, ಸುಲೈಮಾನಿಯಾವನ್ನು ನುರಿತ ಕೆಲಸಗಾರನ ಕೆಲಸ, ಮುಪ್ಪಿನಲ್ಲಿ ಕಟ್ಟಿದ ಸೆಲೀಮಿಯಾವನ್ನು ಮಾತ್ರ ಉಸ್ತಾದನ ಕೆಲಸ ಎಂದರೆಂದು ಹೇಳುತ್ತಾರೆ. ನಿಮಗೆ ಇಪ್ಪತ್ತೆರಡು ವರ್ಷ, ಅವಸರವೇನು?

ಪಾಲಕರಲ್ಲಿ ಒಂದೇ ವಿನಂತಿ. ನಿಮ್ಮ ಮಗನೋ ಮಗಳೋ ಬಿಸಿಲಿನಲ್ಲಿ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರೆ "ಇದೆಂಥ ಓದು?" ಎಂದು ಹೀಯಾಳಿಸಬೇಡಿ. ನಾಳೆ ನಮ್ಮೂರಿನ ಶಾಲೆ, ಆಸ್ಪತ್ರೆ, ಮನೆಗಳಲ್ಲಿ ನಮ್ಮ ಬಿಸಿಲು, ನಮ್ಮ ನೀರು, ನಮ್ಮ ಮರ್ಯಾದೆ ಬಲ್ಲವರ ಕೈ ಇರಬೇಕಾದರೆ, ಅವರು ನಮ್ಮ ಮನೆಗಳಿಂದಲೇ ಬರಬೇಕು. ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ಇಲ್ಮನ್ನು, ಅದನ್ನು ಜನರಿಗಾಗಿ ಬಳಸುವ ತೌಫೀಕನ್ನು ಕರುಣಿಸಲಿ.