ಬೆಳ್ಳಿ ಹಬ್ಬದ ಕಾಣಿಕೆಗೆ ಯಾವ ಲೋಹ?

(ಬೆಳ್ಳಿ ಹಬ್ಬದ ತಯಾರಿಗಾಗಿ ಕರೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತು)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ, ಮೊದಲು ಷೇರು ಹಣ ಕಟ್ಟಿದ ಹಿರಿಯರಿಗೆ ನೆನಪಿನ ಕಾಣಿಕೆ ಕೊಡಬೇಕೆಂದು ಠರಾವಾಗಿದೆ. ಏನು ಕೊಡಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಕಲಬುರಗಿ ಪೇಟೆಯ ಹೊಳಪಿನ ತಟ್ಟೆ ಸಾಕು, ಅಗ್ಗ ಬೀಳ್ತದ ಅಂತ ಕೆಲವರು ಅಂದರು. ಬಿದರಿ ಕೆಲಸದ ಸಣ್ಣ ಹೂದಾನಿ ಕೊಡೋಣ ಅಂತ ನಾನು ಅಂದೆ. "ಅದರಾಗ ಇರೋದು ಬರೇ ಸತು, ಸತುವಿಗೆ ಅಷ್ಟು ರೊಕ್ಕ ಯಾಕ?" ಎಂದು ಹಿರಿಯರೊಬ್ಬರು ಕೇಳಿದರು. ಕೇಳಿದ್ದು ಸರಿ ಅದ. ಸಂಘದ ರೊಕ್ಕ ಅಂದ್ರ ಎಲ್ಲರ ರೊಕ್ಕ. ಅದಕ್ಕೆ ಉತ್ತರ ಹೇಳುವುದೇ ನನ್ನ ಇವತ್ತಿನ ಕೆಲಸ.

ಈ ಕಲೆ ನಮಗೆ ಪರವೂರಿನದಲ್ಲ. 1347ರಲ್ಲಿ ಬಹಮನಿ ರಾಜ್ಯ ಶುರುವಾದಾಗ ರಾಜಧಾನಿ ನಮ್ಮ ಕಲಬುರಗಿ. ಮುಂದೆ ಹದಿನೈದನೇ ಶತಮಾನದಲ್ಲಿ ಅಹ್ಮದ್ ಶಾ ಅದನ್ನು ಬೀದರಿಗೆ ಒಯ್ದ. ಇರಾನಿನ ಕೈಚಳಕ, ಇಲ್ಲಿನ ಕಾರಿಗರರ ಜಾಣತನ ಎರಡೂ ಕೂಡಿ ಅಲ್ಲಿ ಈ ಕಲೆ ಬೆಳೆಯಿತು. ಎರಡೂ ಊರಿನ ನಡುವಿನ ಹಾದಿಯಲ್ಲೇ ನಮ್ಮ ಕಮಲಾಪುರ ಅದ. 2017ರಿಂದ ರೈಲೂ ಓಡಾಡ್ತದ.

ಇನ್ನು ಲೋಹದ ಮಾತು. ಉಳಿ ಹಿಡಿದು ಕೈಯಿಂದ ಕೆತ್ತಬೇಕಾದರೆ ಎಲ್ಲಾ ಲೋಹ ನಡೆಯುವುದಿಲ್ಲ. ಕಬ್ಬಿಣ ಗಟ್ಟಿ, ಮೇಲೆ ತುಕ್ಕಿನ ಕಾಟ. ಹಿತ್ತಾಳೆ, ತಾಮ್ರ ಕೆತ್ತನೆಗೆ ಚಲೋ. ಆದರೆ ಅವೂ ಹೊಳೆಯುತ್ತವೆ, ಬೆಳ್ಳಿಯೂ ಹೊಳೆಯುತ್ತದೆ. ಕೂಡಿಸಿದ ಚಿತ್ತಾರ ಎದ್ದು ಕಾಣುವುದಿಲ್ಲ. ಸತು ಹಂಗಲ್ಲ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಕಾವು ಬೇಕು, ಸತುವಿಗೆ 419 ಡಿಗ್ರಿ ಸಾಕು. ಉಸುಕಿನ ಅಚ್ಚಿನಲ್ಲಿ ಚೆನ್ನಾಗಿ ಇಳಿಯುತ್ತದೆ. ಹೆಚ್ಚುಕಡಿಮೆ ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಕೂಡಿಸುತ್ತಾರೆ. ಆ ಒಂದು ಪಾಲಿನಾಗೇ ಗುಟ್ಟು ಅದ. ಬರೇ ಸತು ಹಂಗ ಕಪ್ಪಾಗುವುದಿಲ್ಲ, ಆ ಅಚ್ಚ ಕಪ್ಪು ಬಣ್ಣಕ್ಕೆ ತಾಮ್ರ ಬೇಕೇ ಬೇಕು.

ಎರಕ ಹೊಯ್ದ ಸಾಮಾನನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರುತ್ತಾರೆ. ನಾವು ಬೆಳೆಗೆ ಹೊಡೆಯುವ ಔಷಧಕ್ಕೆ ಸುಣ್ಣದ ಜೊತೆ ಕೂಡಿಸುವ ಅದೇ ಮೈಲುತುತ್ತ. ಅದರಿಂದ ಮೈ ತಾತ್ಕಾಲಿಕ ಕಪ್ಪಾಗಿ, ಉಳಿಯ ಗೆರೆ ಕಣ್ಣಿಗೆ ಕಾಣುತ್ತದೆ. ಕೆತ್ತಿದ ಗೆರೆಯೊಳಗೆ ಬೆಳ್ಳಿ ತಂತಿ ಇಲ್ಲವೇ ತೆಳು ತಗಡು ಇಟ್ಟು ಸಣ್ಣ ಸುತ್ತಿಗೆಯಿಂದ ಬಡಿದು ಕೂಡಿಸುತ್ತಾರೆ. ಅಲ್ಲಿ ಅಂಟಿಲ್ಲ, ಬೆಸುಗೆಯಿಲ್ಲ. ಅದಕ್ಕೇ ಬೆಳ್ಳಿ ಶುದ್ಧ ಇರಬೇಕು. ತಾಮ್ರ ಬೆರೆತ ಬೆಳ್ಳಿ ಬಿರುಸಾಗಿ ಗೆರೆಯೊಳಗೆ ಸುಲಭವಾಗಿ ಕೂಡುವುದಿಲ್ಲ.

ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿ ಬೆಚ್ಚಗಿನ ಸಾಮಾನಿಗೆ ತಿಕ್ಕುತ್ತಾರೆ. ಸತುವಿನ ಮೈ ಕಾಯಂ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಎರೆ ಹೊಲದಾಗ ಬಿಳಿಜೋಳದ ತೆನೆ ಎದ್ದು ಕಾಣ್ತದಲ್ಲ, ಹಂಗ. ಹಳೆಯ ಕಾರಿಗರರು ಆ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ ಆರಿಸುತ್ತಾರೆ.

ಹಿಂಗಾಗಿ ನಾವು ರೊಕ್ಕ ಕೊಡುವುದು ಸತುವಿಗಲ್ಲ; ಬೆಳ್ಳಿಗೆ, ಕಣ್ಣಿಗೆ, ಕೈಗೆ. ಬಿದರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಅದ, ನಮ್ಮ ಕಮಲಾಪುರದ ಕೆಂಪು ಬಾಳೆಗೂ ಅದ. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಹೆಸರು ಬಂದರೆ ಸಾಲದು, ಕೊಳ್ಳುವವರು ಬೇಕು. ನಕಲಿ ಕೆಂಪು ಬಾಳೆ ಮಾರಿದರೆ ನಮ್ಮ ಹೊಟ್ಟೆ ಉರಿಯುವುದಿಲ್ಲವೇ? ಅವರದೂ ಅದೇ ಪಾಡು.

ಕೊಳ್ಳುವಾಗ ಮೂರು ಸಂಗತಿ ನೋಡಬೇಕು. ಒಂದು, ಕೈಯಲ್ಲಿ ಹಿಡಿದರೆ ತೂಕ ಇರಬೇಕು. ಸತು ಅಲ್ಯೂಮಿನಿಯಂಗಿಂತ ಎರಡೂವರೆ ಪಟ್ಟು ಭಾರ. ಎರಡು, ಚಿತ್ತಾರ ಬಣ್ಣ ಬಳಿದದ್ದಾಗಿರಬಾರದು, ಉಗುರಿನಿಂದ ಕೆರೆದರೆ ಏಳಬಾರದು. ಮೂರು, ಬೆಳ್ಳಿ ಎಷ್ಟು ಗ್ರಾಂ ಎಂದು ಬಿಲ್ಲಿನಲ್ಲಿ ಬರೆಸಬೇಕು.

ತಾಯಂದಿರಿಗೆ ಒಂದು ಮಾತು. ಹಿತ್ತಾಳೆ ತಿಕ್ಕಿದಂಗ ಇದನ್ನು ಹುಣಸೆಹಣ್ಣಿನಿಂದ ತಿಕ್ಕಬೇಡಿ. ಹುಳಿ ತಾಕಿದರೆ ಸತು ಕೆಡುತ್ತದೆ, ಕಪ್ಪು ಹೋಗುತ್ತದೆ. ಮಜ್ಜಿಗೆ, ಉಪ್ಪಿನಕಾಯಿ ಇಡಲೇಬೇಡಿ. ಮೆತ್ತನೆ ಬಟ್ಟೆಗೆ ಹನಿ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಸಾಕು. ಕೈಜಾರಿ ಬಿದ್ದರೆ ಒಡೆಯಬಹುದು, ಜೋಪಾನ.

ಬೆಳ್ಳಿ ಧಾರಣೆ ಏರಿದೆ, ದೊಡ್ಡ ಸಾಮಾನು ನಮಗೆ ನಿಲುಕುವುದಿಲ್ಲ. ಸಣ್ಣದೇ ಇರಲಿ, ಖರೇದು ಇರಲಿ. ಮಧ್ಯಸ್ಥರನ್ನು ಬಿಟ್ಟು ಬೀದರಿನ ಕಾರಿಗರರಿಂದಲೇ ತರೋಣ. ದಲ್ಲಾಲಿ ಕಾಟ ತಪ್ಪಿಸಲೆಂದೇ ಅಲ್ಲವೇ ನಮ್ಮ ಹಿರಿಯರು ಸಂಘ ಕಟ್ಟಿದ್ದು? ಅವರಿಗೆ ಕೊಡುವ ಕಾಣಿಕೆಯೂ ಅದೇ ದಾರಿಯಿಂದ ಬರಲಿ. ಸಭೆ ಒಪ್ಪಿಗೆ ಕೊಡಬೇಕೆಂದು ಕೇಳಿಕೊಂಡು, ನನ್ನ ನಾಲ್ಕು ಮಾತು ಮುಗಿಸುತ್ತೇನೆ.